ನಮ್ಮ ತಾರಸಿಗೆ ಗಾಳಿ ಬಂದ ದಿನ

ಬಿಸಿಲಿನಿಂದ ಹಗಲಿನ ಕರೆಂಟು ಸಿಗುವುದಾದರೆ, ಗಾಳಿಯಿಂದ ರಾತ್ರಿಯದೂ ಸಿಗಬೇಕಲ್ಲ? ಇಷ್ಟು ಸರಳವಾದ ಸಂಗತಿ ಸುಬ್ರಹ್ಮಣ್ಯಪುರದಲ್ಲಿ ಇನ್ನೂ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಮರುಕವೇ ಆಯಿತು. ತಾರಸಿಯಲ್ಲಿ ಸೋಲಾರ್ ಪ್ಯಾನೆಲ್‌ಗಳು ಆಗಲೇ ಇದ್ದವು. ಕರೆಂಟ್ ಬಿಲ್ಲೂ ಇಳಿದಿತ್ತು. ಅವುಗಳ ಪಕ್ಕದಲ್ಲೇ ಕಬ್ಬಿಣದ ಕಂಬ ನಿಲ್ಲಿಸಿ, ಮೂರು ರೆಕ್ಕೆಯ ಗಾಳಿಯಂತ್ರ ಕೂರಿಸಿದೆ.

"ಬಟ್ಟೆ ಒಣಗೋಕೇ ಗಾಳಿ ಇಲ್ಲ, ಇದು ತಿರುಗುತ್ತೇನ್ರೀ?" ಎಂದಳು ಹೆಂಡತಿ ಶಾರದಾ.

"ಹಾಕಿದ ದುಡ್ಡು ತಾನಾಗೇ ವಾಪಸ್ ಬರುತ್ತೆ, ನೋಡ್ತಿರು!"

ಬರಲಿಲ್ಲ. ರೆಕ್ಕೆಗಳ ಮೇಲೆ ಕಾಗೆಗಳು ನೆಮ್ಮದಿಯಾಗಿ ಕೂರತೊಡಗಿದವು.

ಬೇಸಿಗೆಯಲ್ಲಿ ಪಕ್ಕದ ಮನೆಯ ಮುನಿರಾಜಣ್ಣನವರ ಮಗಳ ನಿಶ್ಚಿತಾರ್ಥ ಬಂತು. ಅವರ ತಾರಸಿಯಲ್ಲೇ ಶಾಮಿಯಾನ.

"ಸಾರ್, ಒಂದ್ ಹಗ್ಗ ನಿಮ್ ಕಂಬಕ್ಕೆ ಕಟ್ಕೊಳ್ಳಾ?" ಎಂದು ಕೇಳಿದರು.

ನನ್ನ ಯಂತ್ರಕ್ಕೆ ಸಿಕ್ಕ ಮೊದಲ ಕೆಲಸ! "ಧಾರಾಳವಾಗಿ ಕಟ್ಕೊಳ್ಳಿ. ಬಿರುಗಾಳಿ ಬಂದ್ರೂ ಅಲ್ಲಾಡಲ್ಲ."

ಸಂಜೆ ತಾಂಬೂಲ ಬದಲಾಯಿಸುವ ಹೊತ್ತಿಗೆ ಬಿರುಗಾಳಿ ಬಂತು. ರೆಕ್ಕೆಗಳು ಗರಗರ ತಿರುಗಿದವು! ಶಾರದಾಳನ್ನು ಕೂಗಿ ಕರೆದುಕೊಂಡು ನಮ್ಮ ತಾರಸಿ ಹತ್ತುವಷ್ಟರಲ್ಲಿ ಗರಗರ ಹೋಗಿ ಕಟಕಟ ಶುರುವಾಗಿತ್ತು. ಶಾಮಿಯಾನ ಉಬ್ಬಿಕೊಂಡು ಕಂಬವನ್ನು ಜಗ್ಗುತ್ತಿತ್ತು. ಬುಡದ ಬೋಲ್ಟೊಂದು ಠಣ್ ಎಂದು ಹಾರಿತು. ಕಂಬ ವಾಲುತ್ತಿದ್ದದ್ದು ನೇರವಾಗಿ ಹುಡುಗ, ಹುಡುಗಿ ಕೂತಿದ್ದ ಕಡೆಗೆ!

ಓಡಿಹೋಗಿ ಕಂಬವನ್ನು ತಬ್ಬಿಕೊಂಡೆ. ತಲೆಯ ಮೇಲೆ ರೆಕ್ಕೆಗಳು ಸುಂಯ್ ಎನ್ನುತ್ತಿದ್ದವು.

"ಎದ್ದೇಳಿ! ಎಲ್ರೂ ಕೆಳಗೋಗಿ!" ಎಂದು ಅರಚಿದೆ.

ಹುಡುಗನ ತಾಯಿಗೆ ಸಿಟ್ಟು ಬಂತು. "ಯಾರ್ರೀ ಅದು, ಶುಭಕಾರ್ಯದಲ್ಲಿ ಎದ್ದೋಗಿ ಅನ್ನೋದು?"

"ಅಮ್ಮಾ, ಕಂಬ ಬೀಳ್ತಿದೆ!"

ಆಕೆ ತಲೆಯೆತ್ತಿ ನೋಡಿದರು. ಅಷ್ಟೇ, ತಾರಸಿ ಖಾಲಿ. ಮುನಿರಾಜಣ್ಣನವರು ತಾಂಬೂಲದ ತಟ್ಟೆಯನ್ನು ಎದೆಗವಚಿಕೊಂಡು ಕೊನೆಯವರಾಗಿ ಇಳಿದರು.

ಶಾರದಾ ಅಡುಗೆಮನೆಗೆ ಓಡಿ ಚಾಕು ತಂದು ಹಗ್ಗ ಕೊಯ್ದಳು. ಆ ಕಡೆಯ ಎಳೆತ ತಪ್ಪಿತು. ಆದರೆ ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಈ ಕಡೆಗೆ ಎಳೆಯುತ್ತಲೇ ಇದ್ದೆ! ಕಂಬ ವಿಧೇಯವಾಗಿ ನನ್ನ ಜೊತೆಗೇ ಬಂದು, ಸೋಲಾರ್ ಪ್ಯಾನೆಲ್‌ಗಳ ಮೇಲೆ ಉದ್ದಕ್ಕೆ ಮಲಗಿತು.

ನನ್ನ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನಿಶ್ಚಿತಾರ್ಥವೂ ಮುನಿರಾಜಣ್ಣನವರ ನಡುಮನೆಯಲ್ಲಿ ಮುಗಿಯಿತು. ಆಮೇಲೆ ಹುಡುಗನ ತಂದೆ ನಮ್ಮ ತಾರಸಿಗೆ ಬಂದು, ಪುಡಿಪುಡಿಯಾದ ಗಾಜನ್ನು ನೋಡುತ್ತಾ ಮೆಲ್ಲಗೆ ಕೇಳಿದರು: "ನಮ್ಮನೇಗೂ ಹಾಕಿಸ್ಬೇಕು ಅಂತಿದ್ದೆ. ಗಾಳಿ ಕರೆಂಟಲ್ಲಿ ಲಾಭ ಇದ್ಯಾ ಸಾರ್?"

"ಖಂಡಿತ ಇದೆ ಸಾರ್," ಎಂದುಬಿಟ್ಟೆ, ಅಭ್ಯಾಸಬಲ. "ಒಳ್ಳೇ ಗಾಳಿ ಬೀಸ್ಬೇಕು, ಅಷ್ಟೇ!"