ಇಪ್ಪತ್ತೊಂದು ಇಂಚಿನ ಚಕ್ರ, ಹಸಿರು ಗಾಜಿನ ಬಳೆ

ನಮ್ಮ ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದು ಸುಮ್ಮನೆ ಕೂತ ಉದಾಹರಣೆ ಇಲ್ಲ. ಮಿಕ್ಸಿ ಬಂದಾಗ ಒಂದು ಕಥೆ, ಸೋಫಾ ಬಂದಾಗ ಇನ್ನೊಂದು. ಹೀಗಿರುವಾಗ ಎಲೆಕ್ಟ್ರಿಕ್ ಕಾರು ಬಂದಮೇಲೆ ಕೇಳಬೇಕೇ? ಕಾರು ಪಾಪ ಏನೂ ಮಾಡಲಿಲ್ಲ. ಕುಣಿಸಿದ್ದೆಲ್ಲ ಅದರ ನಾಲ್ಕು ಚಕ್ರಗಳು.

ಚೆಂದದ ಚಕ್ರ

ಕಾರು ಕೊಂಡದ್ದು ಬೇಸಿಗೆಯಲ್ಲಿ. ಅಂಗಡಿಯವನು ಎರಡು ಥರದ ಚಕ್ರ ತೋರಿಸಿದ. ಒಂದು ಹದಿನೆಂಟು ಇಂಚು, ಇನ್ನೊಂದು ಇಪ್ಪತ್ತೊಂದು. ನಮ್ಮ ಯಜಮಾನರು ಸಾಫ್ಟ್‌ವೇರಿನವರು. ಯಾವುದನ್ನೂ ಓದದೆ ಮುಟ್ಟುವವರಲ್ಲ.

"ಹದಿನೆಂಟು ಸಾಕು ಕಣೇ. ಚಕ್ರ ದೊಡ್ಡದಾದಷ್ಟೂ ಒಂದು ಚಾರ್ಜಿಗೆ ಕಾರು ಕಮ್ಮಿ ದೂರ ಹೋಗತ್ತೆ. ಟೈರೂ ತೆಳ್ಳಗಿರತ್ತೆ, ಕುಲುಕತ್ತೆ."

"ಆ ಹದಿನೆಂಟನ್ನ ಸ್ವಲ್ಪ ಕಣ್ಣುಬಿಟ್ಟು ನೋಡಿ ರೀ. ಪ್ಲಾಸ್ಟಿಕ್ ಮುಚ್ಚಳ ಹಾಕಿದ ಉಪ್ಪಿನಕಾಯಿ ಡಬ್ಬದ ಹಾಗಿದೆ."

ನಾನು ಡೆಟ್ರಾಯಿಟ್ ಹತ್ತಿರದ ನಮ್ಮೂರು ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವಳು. ದಿನವಿಡೀ ಕುರೂಪಿ ಲೋಹದ ತುಂಡುಗಳನ್ನು ನೋಡಿ ನೋಡಿ ಸಾಕಾಗಿರುತ್ತದೆ. ಮನೆಯ ಕಾರಾದರೂ ಲಕ್ಷಣವಾಗಿರಲಿ ಎಂದು ಹಟ ಹಿಡಿದು ಇಪ್ಪತ್ತೊಂದನ್ನೇ ಹಾಕಿಸಿದೆ. ಬೇಸಿಗೆಯಿಡೀ ಕಂಡವರೆಲ್ಲ ಹೊಗಳಿದರು. ನಾನು ಯಜಮಾನರ ಕಡೆ ನೋಡಿದೆ, ಅವರು ಆಕಾಶ ನೋಡಿದರು.

ಮೊದಲ ಹಿಮ ಬಿತ್ತು. ನಮ್ಮ ಬಡಾವಣೆಗೆ ಹತ್ತುವಾಗ ಒಂದು ಸಣ್ಣ ಏರು. ಕಾರು ಅರ್ಧ ಏರಿ ನಿಂತಿತು. ಆಮೇಲೆ ಬಹಳ ಗಾಂಭೀರ್ಯದಿಂದ ಹಿಂದಕ್ಕೆ ಹೊರಟಿತು.

"ಬ್ರೇಕ್ ಹಾಕಿ!"

"ಹಾಕಿದೀನಿ!"

"ಮತ್ತೆ ಹೋಗ್ತಾ ಇದೆಯಲ್ಲ!"

"ಅದನ್ನ ನಿನ್ನ ಚಕ್ರಾನೇ ಕೇಳು!"

ಕೊನೆಗೆ ಮೆತ್ತಗೆ ಏನೋ ತಾಗಿ ನಿಂತೆವು. ಯಾರದೋ ಅಂಗಳದಲ್ಲಿ ಮಕ್ಕಳು ಕಟ್ಟಿದ್ದ ಹಿಮದ ಗೊಂಬೆ. ಹಿಂದಿನ ಸೀಟಿನಿಂದ ಮಗಳು ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ಯು ಕಿಲ್ಡ್ ಎ ಸ್ನೋಮ್ಯಾನ್" ಎಂದಳು. ಯಜಮಾನರು ಇಳಿದುಹೋಗಿ, ಬಿದ್ದಿದ್ದ ಕ್ಯಾರೆಟ್ಟನ್ನು ಹುಡುಕಿ ಅದರ ಮೂಗಿನ ಜಾಗಕ್ಕೆ ಸಿಕ್ಕಿಸಿ, ಯಾರೂ ಕಾಣದ್ದರಿಂದ ಆ ಗೊಂಬೆಗೇ ಸಾರಿ ಹೇಳಿ ಬಂದರು.

ದುಂಡಗಿದ್ದರೆ ಸಾಕು

ಅದೇ ವಾರ ಪಕ್ಕದೂರು ನೋವೈಯಲ್ಲಿ ಒಬ್ಬರ ಮನೆಯಲ್ಲಿ ಕನ್ನಡದವರ ಪಾಟ್‌ಲಕ್, ಅಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ. ಗಂಡಸರೆಲ್ಲ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಒಂದು ಮೂಲೆ ಸೇರಿದ್ದರು. ಮೊದಲಾದರೆ ಅಲ್ಲಿ ಗ್ರೀನ್ ಕಾರ್ಡು, ಕ್ರಿಕೆಟ್ಟು. ಆವತ್ತು ಬರೀ ಟೈರು.

"ಎಲೆಕ್ಟ್ರಿಕ್ ಕಾರಿಗೆ ವಿಂಟರ್ ಟೈರ್ ಹಾಕ್ಲೇಬೇಕು. ಭಾರ ಜಾಸ್ತಿ ಇರತ್ತೆ ಸರ್."

"ಏನೂ ಬೇಡ ಸರ್. ಆಲ್ ಸೀಸನ್ ಅಂತ ಹೆಸರೇ ಹೇಳತ್ತಲ್ಲ, ಎಲ್ಲಾ ಸೀಸನ್ನಿಗೂ ಅಂತ. ನಾನು ಅದ್ರಲ್ಲೇ ಓಡಿಸ್ತೀನಿ. ಒಂದ್ಸಲಾನೂ ಜಾರಿಲ್ಲ."

ಈ ಎರಡನೆಯವರು ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. ರಬ್ಬರು ಯಾವ ಚಳಿಗೆ ಗಟ್ಟಿಯಾಗುತ್ತದೆ, ಹಿಮದಲ್ಲಿ ಸ್ಟಿಯರಿಂಗ್ ಹೇಗೆ ಹಿಡಿಯಬೇಕು, ಎಲ್ಲವನ್ನೂ ಚಮಚ ತಿರುಗಿಸಿ ತೋರಿಸಿದರು. ನಮ್ಮ ಯಜಮಾನರ ಬಿಸಿಬೇಳೆಬಾತು ತಣ್ಣಗಾಗಿ ಗಟ್ಟಿಯಾಯಿತು, ಅವರು ಕೇಳುತ್ತಲೇ ಇದ್ದರು.

ನಮಗೆ ಪರಿಚಯದ ಹುಬ್ಬಳ್ಳಿಯ ಅಂಕಲ್ ಒಬ್ಬರೇ ಸುಮ್ಮನೆ ಎರಡನೇ ಸಲ ಬಡಿಸಿಕೊಂಡು ಬಂದರು. ಅವರ ಹತ್ತಿರವೂ ನಮ್ಮದೇ ಕಾರಿದೆ, ಹದಿನೆಂಟು ಇಂಚಿನ ಚಕ್ರದ್ದು.

"ನೀವು ಏನಂತೀರಿ ಅಂಕಲ್?" ಎಂದರು ಯಜಮಾನರು.

"ಟೈರ್ ದುಂಡಗ ಇರಬೇಕ್ರೀ. ದಪ್ಪ ಇರಬೇಕು. ಚಳಿಗಾಲಕ್ಕ ಚಳಿಗಾಲದ್ದ ಹಾಕಬೇಕು. ಇದರಾಗ ಇಷ್ಟ್ ಮಾತಾಡೂದೇನೈತಿ? ಊಟಾ ಮಾಡ್ರಿ."

ಸಭೆ ಮುಗಿದು ಎಲ್ಲರೂ ಬೂಟು ಹಾಕಿಕೊಳ್ಳುವಾಗ ಆ ಆಲ್ ಸೀಸನ್‌ನವರು ನಮ್ಮ ಹತ್ತಿರ ಬಂದು ದನಿ ತಗ್ಗಿಸಿದರು. "ನೀವು ಆ ಕಡೆ ಹೋಗ್ತೀರಲ್ವಾ, ನಮ್ಮನ್ನ ಡ್ರಾಪ್ ಮಾಡ್ತೀರಾ ಸರ್? ಬೆಳಿಗ್ಗೆಯಿಂದ ನಮ್ಮ ಕಾರು ಮನೆ ಮುಂದಿನ ಡ್ರೈವ್‌ವೇ ಬಿಟ್ಟು ಬರಲೇ ಇಲ್ಲ."

ಬಳೆ ಪರೀಕ್ಷೆ

ಇಷ್ಟಾದರೂ ನಾನು ಚಕ್ರ ಬಿಟ್ಟುಕೊಟ್ಟಿರಲಿಲ್ಲ. ಬಿಡುವಂತೆ ಮಾಡಿದ್ದು ಬಳೆ.

ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಲ್ಲಿರುವ ನನ್ನ ತಂಗಿ ಮದುವೆಯಾಗಿ ಬಹಳ ವರ್ಷಕ್ಕೆ ಬಸುರಿ. ಜನವರಿಯಲ್ಲಿ ಸೀಮಂತ. ಬಾಣಂತನಕ್ಕೆಂದು ಅಮ್ಮ ಮುಂಚೆಯೇ ಬಂದು ಅವಳ ಮನೆಯಲ್ಲಿ ಕೂತಿದ್ದಳು. ಆದರೆ ಸೀಮಂತಕ್ಕೆಂದು ಆರಿಸಿ ಆರಿಸಿ ಕೊಂಡಿದ್ದ ಹಸಿರು ಗಾಜಿನ ಬಳೆಗಳನ್ನು ಮೈಸೂರಿನಲ್ಲೇ ಮರೆತು ಬಂದಿದ್ದಳು. ಯಾರೋ ನೆಂಟರು ಡೆಟ್ರಾಯಿಟ್‌ಗೆ ಬರುವವರು ಅವನ್ನು ತಂದು ನಮ್ಮ ಮನೆಗೆ ಮುಟ್ಟಿಸಿದರು. ಅಂದಿನಿಂದ ಅಮ್ಮನ ಫೋನು ತಪ್ಪಲಿಲ್ಲ.

"ನೋಡೇ, ಒಂದು ಬಳೆಯೂ ಒಡೀಬಾರದು. ಬಸುರಿಗೆ ತೊಡಿಸೋ ಬಳೆ. ಅಲ್ಲಿ ರಸ್ತೆ ತುಂಬಾ ಗುಂಡಿಯಂತೆ?"

ತಂಗಿ ಫೋನು ಕಿತ್ತುಕೊಂಡು, "ಅಕ್ಕ, ಮೊದಲನೇ ಬಳೆ ನೀನೇ ತೊಡಿಸ್ಬೇಕು. ನೀನು ಬರದೆ ನಾನು ಕೈ ಚಾಚಲ್ಲ" ಎಂದಳು. ಹೂಂ ಎಂದೆ ಅಷ್ಟೇ.

ಯಜಮಾನರಿಗೆ ಇದೇ ಬೇಕಿತ್ತು. "ಮಾತು ಬೇಡ, ಟೆಸ್ಟ್ ಮಾಡೋಣ" ಎಂದು ನನ್ನ ಹಳೇ ಗಾಜಿನ ಬಳೆಗಳನ್ನು ಒಂದು ಡಬ್ಬಕ್ಕೆ ಹಾಕಿ, ಹುಬ್ಬಳ್ಳಿ ಅಂಕಲ್ಲರನ್ನು ಅವರ ಕಾರಿನ ಸಮೇತ ಕರೆಸಿದರು. ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಲಾರಿಗಳು ತೋಡಿದ ಒಂದು ಗುಂಡಿ ಇದೆ, ಅದನ್ನು ದಾಟಲು ನನಗೆ ದಿನವೂ ಧೈರ್ಯ ಬೇಕು. ಮೊದಲು ನಮ್ಮ ಇಪ್ಪತ್ತೊಂದರಲ್ಲಿ ಹಾಯಿಸಿದರು. ಧಡ್ ಎಂದಿತು, ಒಳಗೆ ಛಿಲ್ ಎಂದಿತು. ಡಬ್ಬ ತೆಗೆದರೆ ರಂಗೋಲಿಗೆ ಆಗುವಷ್ಟು ಚೂರು.

ಆಮೇಲೆ ಇನ್ನಷ್ಟು ಹಳೇ ಬಳೆ ತುಂಬಿಕೊಂಡು ಅಂಕಲ್ಲರ ಹದಿನೆಂಟು. ದಪ್ಪ ಟೈರು ಗುಂಡಿಯನ್ನು ನುಂಗಿಕೊಂಡಿತು. ಬಳೆ ಹಾಗೇ ಇದ್ದವು.

"ಈಗ ತಿಳೀತಿಲ್ಲೋ ತಂಗೀ?" ಎಂದರು ಅಂಕಲ್.

ನಾನು ಹೂಂ ಎಂದು ತಲೆಯಾಡಿಸಿದೆ. ಯಜಮಾನರು ಮಾತ್ರ, "ಒಂದು ಸಲ ಸಾಲದು, ಮತ್ತೆ ಮಾಡಬೇಕು. ಹಳೇ ಬಳೆ ಸಾಕಾಗಲ್ಲ, ನಿನ್ನ ಕೈಯಲ್ಲಿರೋದು ಕೊಡು" ಎಂದರು.

"ಗಾಜೇ ತಾನೇ ಬೇಕು? ನಿಮ್ಮ ಹೊಸ ವಾಚ್ ಬಿಚ್ಚಿ ಒಳಗಿಡಿ."

ಅವರ ಎಡಗೈ ಜೇಬಿನೊಳಗೆ ಹೋಯಿತು. ವಿಜ್ಞಾನ ಅಲ್ಲಿಗೆ ನಿಂತಿತು.

ನಿಂಬೆಹಣ್ಣು

ಹದಿನೆಂಟು ಇಂಚಿನ ಚಕ್ರ, ಅದಕ್ಕೆ ಚಳಿಗಾಲದ ದಪ್ಪ ಟೈರು ಬಂದವು. ಹಬ್ಬದ ಸೀರೆಗೆ ಹವಾಯಿ ಚಪ್ಪಲಿ ಹಾಕಿದಂತೆ ಕಂಡಿತು ನನ್ನ ಕಾರು. ಬಿಚ್ಚಿದ ಇಪ್ಪತ್ತೊಂದು ಇಂಚಿನವನ್ನು ನಾನೇ ಒರೆಸಿ, ಮುಖಕ್ಕೆ ಗೀರು ಬೀಳದಿರಲೆಂದು ಕಂಬಳಿಯ ಮೇಲೆ ಮುಖ ಕೆಳಗೆ ಮಾಡಿ ಗರಾಜಿನಲ್ಲಿ ಪೇರಿಸಿಟ್ಟೆ. ಹಿಂಬದಿಯ ಗುಳಿ ಮೇಲಾಗಿ ಮೇಲಿನ ಚಕ್ರ ಒಳ್ಳೇ ಅಗಲವಾದ ಪಾತ್ರೆಯಂತೆ ಕಾಣುತ್ತಿತ್ತು.

ಹೊಸ ಚಕ್ರ ಅಂದಮೇಲೆ ಪೂಜೆ ಆಗಬೇಡವೇ? ಬೆಳಿಗ್ಗೆ ಗಡಿಬಿಡಿ ಬೇಡವೆಂದು ಯಜಮಾನರು ಹಿಂದಿನ ಸಂಜೆಯೇ ಕಾರನ್ನು ಡ್ರೈವ್‌ವೇಗೆ ತಂದು, ನಾಲ್ಕೂ ಟೈರಿಗೆ ನಿಂಬೆಹಣ್ಣು ಒತ್ತಿಟ್ಟಿದ್ದರು. ಆ ರಾತ್ರಿ ಚಳಿ ಸೊನ್ನೆ ಫ್ಯಾರನ್‌ಹೀಟ್‌ಗೆ, ಅಂದರೆ ಮೈನಸ್ ಹದಿನೆಂಟು ಸೆಲ್ಸಿಯಸ್‌ಗೆ ಇಳಿಯಿತು. ಬೆಳಿಗ್ಗೆ ನಾನು ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿ, "ಹೂಂ, ಹೊರಡಿ" ಎಂದೆ. ಕಾರು ಹೊರಟಿತು. ನಿಂಬೆಹಣ್ಣು ಅಪ್ಪಚ್ಚಿಯಾಗಲಿಲ್ಲ. ಕಲ್ಲಾಗಿದ್ದ ಅದರಲ್ಲಿ ಒಂದು ಟೈರಿನಡಿಯಿಂದ ಚಿಮ್ಮಿ ಹೋಗಿ ನಮ್ಮ ಗರಾಜ್ ಬಾಗಿಲಿಗೇ ಬಡಿಯಿತು. ಆ ತಗ್ಗು ಈಗಲೂ ಇದೆ.

ಎದುರುಮನೆಯ ಅಮೆರಿಕನ್ ಅಜ್ಜ ಹಿಮ ಎತ್ತುತ್ತಿದ್ದವರು ಸಲಿಕೆ ಹಿಡಿದೇ ಬಂದರು. ಜೀವಮಾನವೆಲ್ಲ ಕಾರು ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ಉಳಿದ ನಿಂಬೆಹಣ್ಣನ್ನು ಎತ್ತಿ ತಿರುಗಿಸಿ ನೋಡಿ, ಇದು ಯಾತಕ್ಕೆ ಎಂದು ಕೇಳಿದರು. ದೃಷ್ಟಿ ಅಂದರೇನು ಎಂದು ಆ ಚಳಿಯಲ್ಲಿ ಯಾರು ವಿವರಿಸುತ್ತಾರೆ? ಯಜಮಾನರು ಚುಟುಕಾಗಿ, "ಸೇಫ್ಟಿ. ಚಕ್ರಕ್ಕೆ ಒಳ್ಳೇದು. ಇಂಡಿಯಾದಲ್ಲಿ ಎಲ್ಲರೂ ಮಾಡ್ತಾರೆ" ಎಂದರು. ಅಜ್ಜ ಯೋಚಿಸುತ್ತ ಹೋದರು.

ಮರುದಿನ ನೋಡಿದರೆ ಅವರ ಪಿಕಪ್ ಟ್ರಕ್ಕಿನ ನಾಲ್ಕೂ ಟೈರಿನ ಕೆಳಗೆ ಕಿತ್ತಳೆಹಣ್ಣು. ನಮ್ಮನ್ನು ಕಂಡವರೇ ಕೈಬೀಸಿ ಕೂಗಿದರು. "ಮನೇಲಿ ನಿಂಬೆ ಇರಲಿಲ್ಲ! ನನ್ನದು ದೊಡ್ಡ ಗಾಡಿ ನೋಡಿ, ಇದೇ ಸರಿಯಾದ ಸೈಜು ಅಲ್ವಾ?"

ಓಕ್ ಬ್ರೂಕ್ ತಲುಪಿದ್ದು

ಸೀಮಂತದ ದಿನ ಬಂತು. ಹಿಂದಿನ ದಿನವೇ ಹೊರಡಬೇಕೆಂದಿದ್ದೆವು, ಹಿಮ ಬಿಡಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದೆವು. ಎಲೆಕ್ಟ್ರಿಕ್ ಕಾರಿಗೆ ಇಂಜಿನ್ ಇಲ್ಲದ್ದರಿಂದ ಮುಂದೆ ಬಾನೆಟ್ಟಿನ ಕೆಳಗೂ ಒಂದು ಡಿಕ್ಕಿ. ಅಲ್ಲಿ ಮೆತ್ತನೆಯ ರಜಾಯಿ ಹಾಸಿ, ಬಳೆಯ ಡಬ್ಬವನ್ನು ಹಿಂದಿನ ರಾತ್ರಿಯೇ ನಾನು ಮಲಗಿಸಿದ್ದೆ.

ಯಜಮಾನರು ಗರಾಜಿನಲ್ಲಿ ಏನೋ ಎತ್ತಿಡುವ ಸದ್ದು.

"ಏನು ಮಾಡ್ತಿದೀರಿ?"

"ಭಾರ ಕಮ್ಮಿ ಮಾಡ್ತಿದೀನಿ. ಚಳೀಲಿ ಬ್ಯಾಟರಿ ಬೇಗ ಖಾಲಿಯಾಗತ್ತೆ. ಮುಂದಿನ ಡಿಕ್ಕೀಲಿ ಕೊಡೆ, ವ್ಯಾಕ್ಯೂಮ್, ನಿನ್ನ ಹಳೇ ಚಪ್ಪಲಿ, ಎಲ್ಲಾ ಹೊತ್ಕೊಂಡು ಹೋಗ್ಬೇಕಾ? ಎಲ್ಲಾ ತೆಗೆದು ನೀಟಾಗಿ ಮತ್ತೆ ಜೋಡಿಸಿದೀನಿ."

ಹೊರಟೆವು. ಬ್ಯಾಟರಿ ಉಳಿಸಲು ಹೀಟರ್ ಬಂದ್, ಸೀಟು ಮಾತ್ರ ಬೆಚ್ಚಗೆ. ರೇಷ್ಮೆ ಸೀರೆಯ ಮೇಲೆ ಜಾಕೆಟ್, ಅದರ ಮೇಲೆ ಕಂಬಳಿ. ಮಗಳು ಹಲ್ಲು ಕಟಕಟಿಸುತ್ತ, "ಕ್ಯಾನ್ ವೀ ಬಿ ಎ ನಾರ್ಮಲ್ ಫ್ಯಾಮಿಲಿ ಫಾರ್ ವನ್ಸ್?" ಎಂದಳು. ದಾರಿಯುದ್ದಕ್ಕೂ ನನ್ನ ಕೆಲಸ ಒಂದೇ. "ಎಡಗಡೆ ಗುಂಡಿ! ಬಲಗಡೆ ಗುಂಡಿ! ನಿಧಾನ, ಬಳೆ!"

ಕಲಮಜೂ ಎಂಬ ಊರು ದಾಟಿದ ಮೇಲೆ ಅಲ್ಲಿನ ದೊಡ್ಡ ಸರೋವರದ ಕಡೆಯಿಂದ ಹಿಮ ಬೀಸತೊಡಗಿತು. ಇದ್ದಕ್ಕಿದ್ದಂತೆ ಮುಂದಿನ ಲಾರಿಯ ಕೆಂಪು ದೀಪ ಹೊತ್ತಿತು. ಯಜಮಾನರು ಬ್ರೇಕ್ ಒತ್ತಿದರು. ನಾನು ಕಣ್ಣು ಮುಚ್ಚಿದೆ. ಕಾರು ಒಂದಿಷ್ಟೂ ಓಲಾಡದೆ, ಗೆರೆ ಎಳೆದಂತೆ ನೆಟ್ಟಗೆ ನಿಂತಿತು.

"ಹದಿನೆಂಟೇ ಸರಿ ರೀ" ಎಂದೆ.

"ತಾಳು, ಫೋನಲ್ಲಿ ರೆಕಾರ್ಡ್ ಮಾಡ್ಕೊತೀನಿ, ಇನ್ನೊಂದ್ಸಲ ಹೇಳು" ಎಂದರು.

ಚಾರ್ಜಿಗೆ ನಿಲ್ಲಿಸಿದಲ್ಲಿ ಬಾನೆಟ್ ತೆಗೆದು ನೋಡೋಣವೆಂದರೆ ಅವರು ಬಿಡಲಿಲ್ಲ. "ತೆಗೆದರೆ ಹಿಮ ಒಳಗೆ ಹೋಗತ್ತೆ. ಬಳೆ ಸೇಫ್ ಆಗಿವೆ" ಎಂದು ಬಾನೆಟ್ಟನ್ನು ಮಗುವಿನ ಬೆನ್ನಿನಂತೆ ತಟ್ಟಿದರು.

ಶಿಕಾಗೋ ಕಡೆಯ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಆ ಪುಣ್ಯದಿಂದ ಮುಹೂರ್ತಕ್ಕೆ ಸರಿಯಾಗಿ ಓಕ್ ಬ್ರೂಕ್ ತಲುಪಿದೆವು. ಅಮ್ಮ ಶಾಲು ಹೊದ್ದು ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನು ಬಾ ಎನ್ನಲಿಲ್ಲ.

"ಬಳೆ ಒಡೀಲಿಲ್ಲ ತಾನೇ?"

"ಒಂದೂ ಒಡೆದಿಲ್ಲ ಅತ್ತೆ, ಗ್ಯಾರಂಟಿ!" ಎಂದು ಯಜಮಾನರು ಬಾನೆಟ್ ಎತ್ತಿದರು.

ಒಳಗೆ ರಜಾಯಿ ನೀಟಾಗಿ ಮಡಿಸಿತ್ತು. ಅದರ ಮೇಲೆ ಟೈರಿಗೆ ಗಾಳಿ ಹಾಕುವ ಪಂಪು, ಹಿಮ ಕೆರೆಯುವ ಬ್ರಷ್ಷು. ಡಬ್ಬ ಇರಲಿಲ್ಲ.

ಯಜಮಾನರ ಮುಖ ಹಿಮಕ್ಕಿಂತ ಬೆಳ್ಳಗಾಯಿತು. "ಎಲ್ಲಾ ತೆಗೆದಾಗ... ಬಳೆಗೆ ಏನೂ ತಾಗಬಾರದು ಅಂತ... ಆ ದೊಡ್ಡ ಚಕ್ರದ ಗುಳಿ ಒಳಗೆ ಇಟ್ಟೆ. ಡಬ್ಬ ಸರಿಯಾಗಿ ಕೂತ್ಕೊಳ್ತು."

"ಮತ್ತೆ?"

"ಅಲ್ಲೇ ಇದೆ. ಗ್ಯಾರಂಟಿ ಒಡೆದಿಲ್ಲ."

ನನಗೆ ಅಳು ಬಂತು, ನಿಜವಾದ ಅಳು. ಅಮ್ಮ ಬಯ್ಯಲು ಬಾಯಿ ತೆರೆದವಳು, ಮೈಸೂರಿನಲ್ಲಿ ಅದೇ ಡಬ್ಬ ಮರೆತದ್ದು ತಾನೇ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡಳು. ಒಳಗಿದ್ದ ಹೆಂಗಸರಿಗೆ ಸುದ್ದಿ ಹೋಯಿತು. ಮೊದಲು ಅಮ್ಮ ತನ್ನ ಕೈಯಿಂದ ಎರಡು ಹಸಿರು ಬಳೆ ತೆಗೆದಳು. ಆಮೇಲೆ ಹತ್ತಿರದ ಎಲ್ಗಿನ್‌ನಿಂದ ಬಂದ ಆಂಟಿ, ಪಕ್ಕದ ಬೀದಿಯ ಹುಡುಗಿ, ಹೀಗೆ ಒಬ್ಬೊಬ್ಬರೂ ಒಂದೊಂದು ಬಿಚ್ಚಿ ತಟ್ಟೆಗೆ ಹಾಕಿದರು. ಯಾವುದೂ ಒಂದರಂತೆ ಒಂದಿರಲಿಲ್ಲ. ಎಲ್ಲವೂ ಅವರವರ ಕೈಯ ಬಿಸಿಯಲ್ಲೇ ಇದ್ದವು. ಮೊದಲನೆಯದನ್ನು ನಾನೇ ತಂಗಿಯ ಕೈಗೆ ಏರಿಸಿದೆ. ಅಂಥ ಚೆಂದದ ಕೈ ನಾನು ಕಂಡಿಲ್ಲ.

ಅಮ್ಮ ಮಾತ್ರ ಮೂಲೆಯಲ್ಲಿ ನಿಂತು, "ಅಷ್ಟು ಆರಿಸಿ ತಂದ ಬಳೆ" ಎಂದು ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಳು.

"ಬಿಡಮ್ಮಾ, ಮೊದಲನೇ ಮಗೂಗೆ ಮೈಸೂರಿಂದ ವಿಕ್ಸಮ್‌ವರೆಗೆ ಬಂದಿವೆಯಲ್ಲ. ಎರಡನೇ ಮಗು ಹೊತ್ತಿಗೆ ಓಕ್ ಬ್ರೂಕ್ ತಲುಪ್ತವೆ."