ತುಪ್ಪ ನೋಡಿ ಹೇಳಿದ ನೂರು ಕೆಜಿ

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಜಿಮ್ ಇದೆ. ಬೋರ್ಡಿನ ಮೇಲೆ ಜಿಮ್ ಅಂತಿದ್ದರೂ ಓಣಿಯವರಿಗೆ ಅದು ತಾಲೀಮು, ನಾನು ಉಸ್ತಾದ. ಇಲ್ಲಿಗೆ ಬರುವವರು ಕಬ್ಬಿಣ ಎತ್ತುವುದಕ್ಕಿಂತ ಮಾತು ಎತ್ತುವುದೇ ಹೆಚ್ಚು. ಸ್ಪರ್ಧೆ ಹತ್ತಿರ ಬಂತೆಂದರೆ ಕೇಳುವುದೇ ಬೇಡ, ಒಂದಿಲ್ಲೊಂದು ನಡೆದೇ ನಡೆಯುತ್ತದೆ. ಈ ಸಲದ್ದು ಬೆಂಚ್ ಪ್ರೆಸ್ ಸ್ಪರ್ಧೆ. ಬೆಂಚಿನ ಮೇಲೆ ಅಂಗಾತ ಮಲಗಿ, ಭಾರವನ್ನು ಎದೆಗೆ ಇಳಿಸಿ, ಮತ್ತೆ ಮೇಲೆತ್ತಬೇಕು.

ಹೋಳಿಗೆ

ಎಲ್ಲರೂ ತಮ್ಮ ತಮ್ಮ ಗುರಿ ಹೇಳಿ ಎಂದೆ. ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ತೆಳ್ಳನೆಯ ಮನುಷ್ಯನೊಬ್ಬ "ನೂರು ಕೆಜಿ" ಎಂದ. ಆಗ ಅವನು ಎತ್ತುತ್ತಿದ್ದುದು ಎಪ್ಪತ್ತು.

ಇದಕ್ಕೊಂದು ಹಿನ್ನೆಲೆ ಇತ್ತು. ಮದುವೆಯಾದ ಹೊಸತರಲ್ಲಿ ತಳಕಲ್ಲಿನ ಮಾವನ ಮನೆಗೆ ಹೋದಾಗ, ಗುಡಿ ಮುಂದಿನ ಗುಂಡುಕಲ್ಲು ಎತ್ತಲು ಹೋಗಿ ಅದನ್ನು ಅಲುಗಾಡಿಸಲೂ ಆಗಿರಲಿಲ್ಲ. ಮಾವ ಒಂದು ಕಾಲದಲ್ಲಿ ಅದೇ ಕಲ್ಲನ್ನು ಹೆಗಲಿಗೇರಿಸಿದವರು. ಅಂದಿನಿಂದ ಮಾವನ ಬಾಯಲ್ಲಿ ಅವನು ಎದುರಿಗೆ "ಅಳಿಯಂದ್ರ", ಬೆನ್ನ ಹಿಂದೆ "ಕಡ್ಡಿ". ಸಿಟ್ಟು ಬಂದಾಗ ಹೆಂಡತಿಯ ಬಾಯಲ್ಲೂ ಅದೇ ಹೆಸರು. ಆ ಹೆಸರು ಅಳಿಸಬೇಕು, ಇಷ್ಟೇ ಅವನ ಆಸೆ.

"ಆದರೂ ನೂರು ಯಾಕಪ್ಪ? ಎಂಬತ್ತು ಸಾಲೂದಿಲ್ಲೇನು?" ಎಂದೆ.

"ಮಾವನ ಮುಂದ ಎಂಬತ್ತು ಅನ್ನಾಕ ಬಾಯಿ ತೆಗದಿದ್ನಿರಿ ಉಸ್ತಾದ್ರ. ಅಷ್ಟರಾಗ ಅತ್ತಿ ಹೋಳಿಗಿ ಮ್ಯಾಲ ತುಪ್ಪ ಸುರುವಿದ್ರು. ತುಪ್ಪ ನೋಡಿ ನೂರು ಅಂದ್ಬಿಟ್ನಿ. ಪುಣ್ಯಕ್ಕ ಎರಡನೇ ಹೋಳಿಗಿ ಬ್ಯಾಡ ಅಂದೀನ್ರಿ!"

ಯಾವ ಚೀಲ?

ಶ್ರೀರಾಮನಗರದಿಂದ ಬಂದು ನಮ್ಮ ಓಣಿಯಲ್ಲಿ ಅಕ್ಕಿ ಅಂಗಡಿ ಇಟ್ಟವರೊಬ್ಬರು ಇದ್ದಾರೆ. ಅವರಿಗೆ ಕೆಜಿ ಲೆಕ್ಕ ಒಗ್ಗುವುದಿಲ್ಲ, ಎಲ್ಲವೂ ಚೀಲದಲ್ಲೇ. ಗುರಿ ಕೇಳಿದರೆ "ಎರಡು ಚೀಲ" ಎಂದು ಎದೆ ಉಬ್ಬಿಸಿದರು. ಜಿಮ್ಮಿಗೆ ಜಿಮ್ಮೇ ದಂಗಾಯಿತು. ಭತ್ತದ ಚೀಲವೆಂದರೆ ಎಪ್ಪತ್ತೈದು ಕೆಜಿ, ಅಂಗಡಿಯಲ್ಲಿ ಮಾರುವ ಅಕ್ಕಿ ಚೀಲ ಬರೀ ಇಪ್ಪತ್ತೈದು.

"ಯಾವ ಚೀಲ ಸಾಹುಕಾರ್ರ? ಭತ್ತದ್ದೋ, ಅಕ್ಕಿದೋ?"

ಅವರು ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಮಂದಿಗೆ ಹೇಳಾಕ ಭತ್ತದ್ದು, ಎತ್ತಾಕ ಅಕ್ಕಿದು."

ಮಾವನ ತಪಾಸಣೆ

ಅಳಿಯ ಅಂತೂ ಇಂತೂ ತೊಂಬತ್ತೈದರವರೆಗೆ ಬಂದ. ಸ್ಪರ್ಧೆಯ ಹಿಂದಿನ ದಿನ ತಳಕಲ್ಲಿನಿಂದ ಮಾವ ರೊಟ್ಟಿಗಂಟು ಹಿಡಿದುಕೊಂಡು ನೇರ ಜಿಮ್ಮಿಗೇ ಬಂದರು. ಬೆಂಚನ್ನು ಸುತ್ತು ಹಾಕಿ ನೋಡಿದರು.

"ಇದರ ಮ್ಯಾಲ ಮಲಕೊಂಡು ಎತ್ತತಾರೇನ್ರಿ?"

"ಹೌದ್ರಿ."

"ಯಾಕ, ಕಾಲಿಗೆ ಏನಾಗೇತಿ?"

ನಾನು ಸ್ಪರ್ಧೆಯ ನಿಯಮ ಹೇಳಿದೆ. ಅವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ. "ಪೇಪರಿನ್ಯಾಗರ ಬರ್ತೈತಿ?" ಎಂದರು. "ಪ್ರೆಸ್‌ನವರು ಬಂದ್ರೂ ಬರಬಹುದು" ಎಂದೆ. ಈ ಮಾತು ಮಾತ್ರ ಮಾವ, ಅಳಿಯ ಇಬ್ಬರಿಗೂ ಹಿಡಿಸಿತು. ಆಮೇಲೆ ಮಾವ ಪರೀಕ್ಷೆಗೆಂದು ಬೆಂಚಿನ ಮೇಲೆ ಒರಗಿದವರು ಹಾಗೇ ಗೊರಕೆ ಹೊಡೆಯತೊಡಗಿದರು. ಎಬ್ಬಿಸುವ ಧೈರ್ಯ ಅಳಿಯನಿಗಿಲ್ಲ, ಅವನ ಕೊನೆಯ ತಾಲೀಮು ಅಲ್ಲಿಗೇ ಮುಗಿಯಿತು. ಎದ್ದ ಮೇಲೆ ಮಾವ ಮೈಮುರಿದು ಹೇಳಿದರು: "ಆಟ ಛಲೋ ಐತಿ. ನನಗ ಮೊದಲs ಗೊತ್ತಿದ್ರ ಆ ಕಲ್ಲಿನ ಗೊಡವಿಗೆ ಹೋಗ್ತಿರಲಿಲ್ಲ."

ಪ್ರೆಸ್

ಸ್ಪರ್ಧೆಯಲ್ಲಿ ಒಂದು ಕಟ್ಟುನಿಟ್ಟಿದೆ. ಭಾರ ಎದೆಗೆ ತಾಗಿ ನಿಂತ ಮೇಲೆ ರೆಫರಿ "ಪ್ರೆಸ್" ಅನ್ನಬೇಕು, ಆಗಲೇ ಎತ್ತಬೇಕು. ನಮ್ಮ ಜಿಮ್ಮಿನಲ್ಲಿ ನಾನು ಅನ್ನುವುದು "ಎತ್ತು" ಅಂತ. ಈ ವ್ಯತ್ಯಾಸ ನನಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಅಳಿಯ ಮಲಗಿದ. ರಾಡಿಗೆ ನೂರು ಕೆಜಿ ಏರಿತು. ಮುಂದಿನ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಹೆಂಡತಿ. ಭಾರ ಎದೆಗಿಳಿದು ನಿಂತಿತು. ರೆಫರಿ ಕೂಗಿದರು: "ಪ್ರೆಸ್!"

ಅಳಿಯ ಎತ್ತಲಿಲ್ಲ. ಮಲಗಿದಲ್ಲೇ ಬಾಗಿಲ ಕಡೆ ಮುಖ ಹೊರಳಿಸಿ ಫೋಟೊಕ್ಕೆ ನಗುವಂತೆ ನಕ್ಕ.

"ಪ್ರೆಸ್! ಪ್ರೆಸ್!" ರೆಫರಿ ಮತ್ತೆ ಕೂಗಿದರು. ಮಾವನೂ ಎದ್ದು ಬಾಗಿಲ ಕಡೆ ನೋಡಿ, ಟೊಪ್ಪಿಗೆ ಸರಿ ಮಾಡಿಕೊಂಡರು.

ಅಳಿಯನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು, ನಗು ಮಾತ್ರ ಹಾಗೇ ಇತ್ತು. ಅದನ್ನು ನೋಡಿದ್ದೇ ಮಾವನಿಗೆ ಇಷ್ಟು ವರ್ಷದ ಮರ್ಯಾದೆಯೆಲ್ಲ ಮರೆತುಹೋಯಿತು. "ಲೇ, ಫೋಟೊ ಹಾಳಾಗಿ ಹೋಗ್ಲಿ, ಎತ್ತಲೇ!" ಎಂದು ಗುಡುಗಿದರು.

"ಎತ್ತು" ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನೂರು ಕೆಜಿ ಮೇಲೆ ಹೋಯಿತು. ಹೆಂಡತಿ ಸೀಟಿ ಹೊಡೆದಳು. ನನಗೂ, ಸುಳ್ಳು ಯಾಕೆ ಹೇಳಲಿ, ಕಣ್ಣು ಒದ್ದೆಯಾಯಿತು.

ಮೂವರು ನಿರ್ಣಾಯಕರೂ ಕೆಂಪು ದೀಪ ಒತ್ತಿದರು. ಹೇಳಿದಾಗ ಎತ್ತಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ.

"ಮೂರಕ್ಕ ಮೂರೂ ದೀಪ ಹತ್ತಿದವು!" ಮಾವ ಟೊಪ್ಪಿಗೆ ಗಾಳಿಗೆ ತೂರಿದರು. "ಇನ್ನ ಮ್ಯಾಲ ನಮ್ಮ ಅಳಿಯಂದ್ರಿಗೆ ಯಾರರ ಕಡ್ಡಿ ಅಂದೀರಿ, ನೋಡ್ರಿ ಮತ್ತ!" ಹಾಗೆ ಅನ್ನುತ್ತಿದ್ದವರು ತಾವು ಮತ್ತು ತಮ್ಮ ಮಗಳೇ ಎಂಬುದು ಅವರಿಗೆ ಆಗ ನೆನಪಿರಲಿಲ್ಲ. ಕೆಂಪು ದೀಪದ ಅರ್ಥ ಹೇಳುವ ಉಸಾಬರಿಗೆ ನಾನೂ ಹೋಗಲಿಲ್ಲ.

ಅವರು ಅಳಿಯನ ಹೆಗಲ ಮೇಲೆ ಕೈ ಹಾಕಿ, ಸೀದಾ ರೆಫರಿಯ ಮುಂದೆ ಹೋಗಿ ನಿಂತರು.

"ಸಾಹೇಬ್ರ, ಅವಾಗಿಂದ ಕರ್ಯಾಕ ಹತ್ತೀರಿ. ಎಲ್ಲಿ ಅದಾರ್ರಿ ನಿಮ್ಮ ಪ್ರೆಸ್‌ನವರು?"