ಸದ್ದಿಲ್ಲದ ಗಾಳಿಕೋವಿ

ಇಲಿಗೆ ಹೆದರಿ ಮನೆ ಸುಟ್ಟವನ ಕಥೆ ಎಲ್ಲರಿಗೂ ಗೊತ್ತು. ಇಲಿಗೆ ಹೆದರಿ ಹೆಂಡತಿಯನ್ನು ಕರೆದುಕೊಂಡು ಬಂದೂಕಿನಂಗಡಿಗೆ ಹೋದವನ ಕಥೆಯನ್ನು ಮಾತ್ರ ಯಾರೂ ಬರೆದಂತಿಲ್ಲ. ಬೇರೆ ಯಾರೋ ಬರೆದು ಕೆಡಿಸುವುದಕ್ಕಿಂತ ನಾನೇ ಬರೆಯುವುದು ಮೇಲು. ನಾನು ಓದಿದ್ದು ನಾಲ್ಕನೆಯ ತರಗತಿ. ಮಿಕ್ಕ ವಿದ್ಯೆಯನ್ನೆಲ್ಲ ಹಿಟ್ಟಿನ ಗಿರಣಿಯ ಯಂತ್ರವನ್ನು ಬಿಚ್ಚಿ ಜೋಡಿಸಿ ಕಲಿತೆ. (ಮೊದಲ ಸಲ ಜೋಡಿಸಿದಾಗ ಎರಡು ಬೋಲ್ಟು ಮಿಕ್ಕವು. ಅವಿಲ್ಲದೆಯೇ ಯಂತ್ರ ಇವತ್ತಿಗೂ ಓಡುತ್ತಿದೆ. ಅವನ್ನು ದಂಡಕ್ಕೆ ಹಾಕಿದ್ದು ಯಂತ್ರ ಮಾಡಿದವನ ತಪ್ಪು.)

ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಮೂಟೆಗಳ ಕೋಣೆ. ಮದುವೆಯಾದ ಮಾರನೆಯ ದಿನವೇ ಜರಡಿ ಹಿಡಿದು ಯಂತ್ರದ ಪಕ್ಕ ನಿಂತ ನನ್ನ ಹೆಂಡತಿ ಇನ್ನೂ ಅಲ್ಲೇ ನಿಂತಿದ್ದಾಳೆ. ನಮ್ಮ ಸರಸ, ಜಗಳ, ರಾಜಿ ಎಲ್ಲವೂ ಆ ದಡದಡ ಸದ್ದಿನೊಳಗೇ ನಡೆದುಬಂದಿವೆ.

ಹೀಗಿರುವಾಗ ಮೂಟೆ ಕೋಣೆಗೆ ಇಲಿ ಬಂತು. ನೆಂಟರ ಹಾಗೆ ಬಂದು ಹೋಗಿದ್ದರೆ ಚಿಂತೆಯಿರಲಿಲ್ಲ. ಮನೆಯಳಿಯನ ಹಾಗೆ ಬಂದು ಕೂತಿತು, ಸಂಸಾರ ಹೂಡಿತು. ಬೋನು ಇಟ್ಟೆವು, ಒಳಗಿನ ತಿಂಡಿ ತಿಂದು ಬೋನಿನ ಮೇಲೆಯೇ ಕೂತು ಮೀಸೆ ಒರೆಸಿಕೊಂಡವು. ಬೆಕ್ಕು ತಂದೆವು, ಅದು ಹಿಟ್ಟಿನ ಮೂಟೆಯ ಮೇಲೆ ಮಲಗಿ ಬೆಳ್ಳಗಾಯಿತೇ ಹೊರತು ಬೇರೆ ಯಾವ ಪುರುಷಾರ್ಥವನ್ನೂ ಸಾಧಿಸಲಿಲ್ಲ. ಹಿಟ್ಟಿರುವ ಕಡೆ ವಿಷ ಇಡುವ ಮಾತೇ ಇಲ್ಲ.

ಇಲಿಗಿಂತ ದೊಡ್ಡ ಭಯವೆಂದರೆ ಬೇಕರಿಯಮ್ಮ. ನಮ್ಮ ಹಿಟ್ಟಿನಲ್ಲಿ ಅರ್ಧಪಾಲು ನಮ್ಮ ಬೀದಿಯಲ್ಲೇ ಇರುವ ಆಕೆಯ ಬೇಕರಿಗೇ ಹೋಗುತ್ತದೆ. ಮಹಾ ಶುಚಿಯ ಹೆಂಗಸು. ಹಿಟ್ಟನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಕನ್ನಡಕ ಏರಿಸಿ ನೋಡಿಯೇ ಒಯ್ಯುವಾಕೆ. ಒಂದೇ ಒಂದು ಜಿರಳೆ ಕಂಡಿತೆಂದು ಹಿಂದಿನ ಗಿರಣಿಯ ಋಣ ಹರಿದುಕೊಂಡು ಬಂದವಳು. ನಮ್ಮಲ್ಲಿ ಇಲಿಯಿದೆ ಎಂಬುದು ಆಕೆಯ ಕಿವಿಗೆ ಬಿದ್ದರೆ ಗಿರಣಿಗೆ ಬೀಗವೇ ಗತಿ. ಆದ್ದರಿಂದ ಗಂಡಹೆಂಡಿರು ತೀರ್ಮಾನಿಸಿದೆವು: ಇಲಿ ಸಾಯಬೇಕು, ಸುದ್ದಿ ಹುಟ್ಟಬಾರದು.

"ಗಾಳಿಕೋವಿ ತರೋಣ ಕಣೇ," ಎಂದೆ ಮೆಲ್ಲಗೆ. "ಯಾರಾದ್ರೂ ಕೇಳಿದ್ರೆ ಮೇಜಿನ ಮೇಲಿಟ್ಟು ಗುರಿ ಹೊಡೆಯೋ ಆಟ ಅಂತ ಹೇಳಿದ್ರಾಯ್ತು. ದೊಡ್ಡೋರೆಲ್ಲ ಆಡ್ತಾರಂತೆ."

"ಈ ವಯಸ್ಸಿಗೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ, ಇಲಿಗೆ ಗುಂಡು ಹೊಡೀತೀರಾ?" ಎಂದು ಅವಳೂ ಅಷ್ಟೇ ಮೆಲ್ಲಗೆ ಉತ್ತರಿಸಿದಳು.

ಬಂದೂಕಿನಂಗಡಿಯ ಮೀಸೆಯವನಿಗೂ ವಿಷಯ ತಿಳಿಯಬಾರದಲ್ಲ. ಬಾಗಿಲಲ್ಲೇ ಅವಳ ಕಿವಿಯಲ್ಲಿ, "ಇಲಿ ಅಂತ ಬಾಯಿ ಬಿಡಬೇಡ, ಆಟಕ್ಕೆ ಅಂತ ಹೇಳು," ಎಂದು ಪಿಸುಗುಟ್ಟಿ ಒಳಗೆ ಹೋದೆ. ಮೀಸೆಯವನು ಎದ್ದು ನಿಂತು ಕೈಮುಗಿದ.

"ಬನ್ನಿ ಯಜಮಾನ್ರೇ. ಇಲಿಗೇನು?"

ನಾನು ದಂಗಾದೆ. ವ್ಯಾಪಾರಿಯೆಂದರೆ ಹೀಗಿರಬೇಕು! ಗಿರಾಕಿಯ ಮುಖ ನೋಡಿಯೇ ಮನಸ್ಸು ಓದುತ್ತಾನೆ.

ಅವನು ಮೊದಲು ತೋರಿಸಿದ್ದು ಉದ್ದನೆಯ ಕೋವಿ. ಮರದ ಹಿಡಿಯ ನುಣುಪು ನೋಡಿ ನನಗೆ ಬಾಯಲ್ಲಿ ನೀರೂರಿತು. ನನ್ನ ಹೆಂಡತಿ ಸುಮ್ಮನೆ ಮೂಲೆಯಿಂದ ಅಷ್ಟೇ ಉದ್ದದ ಪೊರಕೆ ತಂದು ನನ್ನ ಕೈಗೆ ಕೊಟ್ಟು, ಎರಡು ಕಪಾಟುಗಳ ನಡುವೆ ನನ್ನನ್ನು ನಿಲ್ಲಿಸಿ, "ತಿರುಗಿ ನೋಡೋಣ," ಎಂದಳು. ತಿರುಗಿದೆ. ಪೊರಕೆಯ ಹಿಡಿ ಕಪಾಟಿನ ಗಾಜಿಗೆ ಟಕ್ ಎಂದು ಬಡಿಯಿತು.

"ನಮ್ಮ ಮೂಟೆಗಳ ಸಂದಿ ಇಷ್ಟೂ ಅಗಲ ಇಲ್ಲ. ಗಿಡ್ಡದ್ದು ತೋರಿಸಪ್ಪ."

ಆಗ ಬಂತು ನೋಡಿ ಬುಲ್‌ಪಪ್! ಅದರ ಹೆಸರು ಯಾವ ದೇಶದ್ದೋ, ಆದರೆ ಅದನ್ನು ಮಾಡಿದ ತಲೆಗೆ ನನ್ನ ಸಾಷ್ಟಾಂಗ. ಬೇರೆ ಕೋವಿಗಳಲ್ಲಿ ಬೆರಳಿಟ್ಟು ಎಳೆಯುವ ಕುದುರೆಯ ಮುಂದೆ ಯಂತ್ರ, ಹಿಂದೆ ಬರಿಯ ಮರ. ಇದರಲ್ಲಿ ಕುದುರೆಯನ್ನು ಮುಂದಕ್ಕೆ ತಳ್ಳಿ, ಯಂತ್ರವನ್ನೆಲ್ಲ ಕೆನ್ನೆ ಒರಗಿಸುವ ಮರದೊಳಗೆ ಹುದುಗಿಸಿದ್ದಾರೆ. ನಳಿಗೆ ಪೂರಾ ಉದ್ದದ್ದೇ. ಕೋವಿ ಮಾತ್ರ ಕತ್ತು ಒಳಗೆಳೆದುಕೊಂಡ ಆಮೆಯಷ್ಟು ಚಿಕ್ಕದು. ಭಾರವೆಲ್ಲ ಭುಜದ ಹತ್ತಿರ, ಎಳೆ ಕೂಸನ್ನು ಎತ್ತಿಕೊಂಡ ಹಾಗೆ.

ಆದರೂ ನಾನು ಬಿಡುವ ಆಸಾಮಿಯಲ್ಲ. "ಕುದುರೆ ಇಲ್ಲಿ, ಯಂತ್ರ ಅಲ್ಲಿ. ನಡುವೆ ಸರಳು ಇರಲೇಬೇಕು. ಸರಳು ಬಾಗಿದ್ರೆ ಎಳೆತ ಮೆತ್ತಗಾಗುತ್ತೆ," ಎಂದು ಬೆರಳಿಟ್ಟು ಎಳೆದು ನೋಡಿದೆ. ಒಣ ಕಡ್ಡಿ ಮುರಿದಷ್ಟು ಖಚಿತ! ನನ್ನ ಗಿರಣಿಯ ಸನ್ನೆಗೋಲೂ ಅಷ್ಟು ಚೊಕ್ಕವಾಗಿ ಕೆಲಸ ಮಾಡುವುದಿಲ್ಲ. ಮೀಸೆಯವನು ಹಿತ್ತಲಲ್ಲಿ ಮರಳುಚೀಲಕ್ಕೆ ಒಂದು ಗುಂಡು ಹೊಡೆದ. ನನಗೆ ಏನೂ ಕೇಳಿಸಲಿಲ್ಲ.

"ಹೊಡಿಯಪ್ಪ," ಎಂದೆ.

"ಹೊಡೆದಾಯ್ತು ಯಜಮಾನ್ರೇ."

ಹೆಂಡತಿಯ ಮುಖ ನೋಡಿದೆ. ಅವಳೂ ಇನ್ನೂ ಕಾಯುತ್ತಿದ್ದಳು. ಇನ್ನೇನು ಬೇಕು? ಕೊಂಡೆವು.

ಮನೆಗೆ ತಂದು ಹಿತ್ತಲಲ್ಲಿ ಬೆಂಚು ಹಾಕಿ, ತೌಡಿನ ಚೀಲದ ಮೇಲೆ ಕೋವಿ ಒರಗಿಸಿ, ಎದುರಿನ ಗೋಡೆಗೆ ಮರಳಿನ ಮೂಟೆ ಪೇರಿಸಿ, ಅದರ ಮುಂದೆ ಕಾಗದ ಅಂಟಿಸಿದೆ. ಅದೆಂಥ ಕೋವಿ ಮಾರಾಯರೇ! ಅದರ ನೆತ್ತಿಯ ಮೇಲಿನ ದುರ್ಬೀನಿನಲ್ಲಿ ಕಣ್ಣಿಟ್ಟು ಉಸಿರು ಬಿಗಿಹಿಡಿದು ಎಳೆದರೆ ಒಂದು ತೂತಿನಲ್ಲೇ ಇನ್ನೊಂದು ಗುಂಡು. ಕಾಗದವನ್ನು ಹೆಂಡತಿಗೆ ತೋರಿಸಿ ಮೀಸೆ ತಿರುವಿದೆ.

"ಕಾಗದ ಓಡಲ್ಲ ರೀ," ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂಟೆ ಕೋಣೆ ಹೊಕ್ಕೆವು. ಕದನ ಕಲಿಯಾಗಿ ನಾನು, ಟಾರ್ಚು ಹಿಡಿದ ಸಾರಥಿಯಾಗಿ ಅವಳು. ಹತ್ತಿರದ ಮೂಟೆಯ ಮೇಲೆಯೇ ಒಂದು ಡೊಳ್ಳುಹೊಟ್ಟೆಯ ಇಲಿ. ಅದರ ಎದೆಗೇ ಗುರಿಯಿಟ್ಟು ಹೊಡೆದೆ. ಇಲಿ ನನ್ನನ್ನೇ ನೋಡುತ್ತಿತ್ತು. ಅದರ ಕಾಲ ಕೆಳಗಿನ ಮೂಟೆಗೆ ತೂತಾಗಿ ಗೋಧಿ ಸುರಿಯತೊಡಗಿತು. ಇನ್ನೊಂದು ಹೊಡೆದೆ. ಇನ್ನೊಂದು ತೂತು. ಇಲಿ ಕೆಳಗಿಳಿದು, ಸುರಿದ ಗೋಧಿ ತಿನ್ನಲು ಕೂತಿತು.

"ಬಾಗಿಲು ತೆಗೆದು ಊಟಕ್ಕೆ ಬಡಿಸಿದ ಹಾಗಾಯ್ತು," ಎಂದಳು ಹೆಂಡತಿ. ಆಮೇಲೆ ಕೋವಿಯನ್ನು ಕೈಗೆ ತೆಗೆದುಕೊಂಡು ಪಕ್ಕದಿಂದ ನೋಡಿದಳು. "ರೀ, ದುರ್ಬೀನು ಅಟ್ಟದ ಮೇಲೆ ಕೂತಿದೆ, ನಳಿಗೆ ನೆಲಮಾಳಿಗೇಲಿದೆ. ನೀವು ಹಿತ್ತಲ ಆ ತುದಿಗೆ ಹೊಂದಿಸಿದ್ರಿ. ಇಷ್ಟು ಹತ್ತಿರಕ್ಕೆ ಗುಂಡು ಮೇಲೇರೋಕೆ ಜಾಗ ಎಲ್ಲಿದೆ? ತಲೆಗಿಂತ ಮೇಲೆ ಗುರಿ ಇಡಿ."

ತಲೆಗಿಂತ ಮೇಲೆ ಗುರಿಯಿಟ್ಟೆ. ಡೊಳ್ಳುಹೊಟ್ಟೆ ಅಲ್ಲೇ ಮಲಗಿತು. ಇಂಥ ಹೆಂಡತಿ, ಇಂಥ ಕೋವಿ! ಎರಡೂ ನನ್ನ ಭಾಗ್ಯಕ್ಕೆ ಸಿಕ್ಕವಲ್ಲ ಎಂದು ಎದೆ ಉಬ್ಬಿತು. (ಎರಡರಲ್ಲಿ ಯಾವುದು ಮೇಲು ಎಂದು ಅವಳು ಆಮೇಲೆ ಕೇಳಿದಳು. ನಾನು ಜಾಣ; ಕೆಮ್ಮಿದೆ.)

ಅಲ್ಲಿಂದ ಪ್ರತಿ ಸಂಜೆಯೂ ನಮ್ಮ ಗುಪ್ತ ಯುದ್ಧ. ಕೋವಿ ಮೌನಿಬಾಬಾ, ನಾವೂ ಪಿಸುಮಾತಿನವರು. "ಬಲಕ್ಕೆ ರೀ, ತಕ್ಕಡಿ ಹಿಂದೆ!" "ಸುಮ್ನಿರೇ, ಕಾಣ್ತಿದೆ!" "ಕಾಣ್ತಿದ್ರೆ ಹೊಡೀರಿ, ಏನು ಮುಹೂರ್ತ ನೋಡ್ತಿದೀರಾ?" ಯುದ್ಧ ಮುಗಿದ ಮೇಲೆ ಮೂಟೆಗಳ ಮೇಲೆ ಕೂತು, ಊರಿನವರ ವಿಚಾರ ಒಂದಿಷ್ಟು ಮಾತಾಡಿಕೊಂಡು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆವು.

ಗುಟ್ಟು ಗುಟ್ಟಾಗಿಯೇ ಇದೆಯೇ ಎಂದು ಪರೀಕ್ಷಿಸಲು ಎದುರಂಗಡಿಯ ಟೈಲರನ್ನು ಕೇಳಿದೆ. "ಏನಪ್ಪಾ, ಸಂಜೆ ಹೊತ್ತು ನಮ್ಮನೆ ಕಡೆಯಿಂದ ಏನಾದ್ರೂ ಸದ್ದು ಕೇಳುತ್ತಾ?"

ಅವನು ಮುಗುಳ್ನಕ್ಕು, "ಇಲ್ಲ ಗಿರಣಿಯಣ್ಣ, ಕೋವಿ ಸದ್ದು ಚೂರೂ ಕೇಳಲ್ಲ," ಎಂದ. ನನಗೆ ಸಮಾಧಾನವಾಯಿತು. ಎಂಥ ಕೋವಿ!

ಇಲಿಗಳು ಹೆಚ್ಚುಕಮ್ಮಿ ಮುಗಿಯುತ್ತ ಬಂದಿದ್ದಾಗ, ಒಂದು ಬೆಳಿಗ್ಗೆ ಬೇಕರಿಯಮ್ಮ ನೆಟ್ಟಗೆ ಹಿತ್ತಲಿಗೇ ಬಂದುಬಿಟ್ಟಳು. ನಾನು ಬೆಂಚಿನ ಮುಂದೆ ಕೂತಿದ್ದೆ. ಕೋವಿ ಬೆಂಚಿನ ಮೇಲೆಯೇ ಇತ್ತು.

"ಬಾ ತಾಯಿ. ಇದು ಆಟ. ಮೇಜಿನ ಮೇಲಿಟ್ಟು ಗುರಿ ಹೊಡೆಯೋದು. ಭಾರಿ ಮರ್ಯಾದಸ್ಥರ ಆಟ," ಎಂದೆ.

"ಆಟ ಇರಲಿ ಅಣ್ಣ. ನಿನ್ನೆ ಏಣಿ ಕೆಳಗೆ ತಪ್ಪಿಸ್ಕೊಂಡ್ತಲ್ಲ, ಮೊಂಡುಬಾಲದ್ದು, ಅದು ಸಿಕ್ತಾ?"

ಜರಡಿ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ಕಂಬವಾದಳು.

"ನಿನಗೆ... ಯಾರು ಹೇಳಿದ್ರು?"

"ನೀವೇ! ಗಿರಣಿ ಸದ್ದಲ್ಲಿ ಬದುಕಿ ನಿಮ್ಮಿಬ್ಬರ ಕಿವಿ ಸವೆದುಹೋಗಿದೆ. ನಿಮ್ಮ ಪಿಸುಮಾತು ನನ್ನ ಬೇಕರಿ ಒಲೆ ಹತ್ತಿರಕ್ಕೆ ಕೇಳುತ್ತೆ. ಮೊದಲನೇ ಇಲಿ ಬಂದ ದಿನವೇ ಬೀದಿಗೆಲ್ಲ ಗೊತ್ತಾಯ್ತು."

"ಹಾಗಾದ್ರೆ... ಹಿಟ್ಟು?" ಎಂದೆ. ಇಡೀ ಗಿರಣಿ ಆ ಒಂದು ಮಾತಿಗೆ ತೂಗುಬಿದ್ದಿತ್ತು.

"ಬೇರೆ ಗಿರಣಿಯವನು ಇಲಿಯೇ ಇಲ್ಲ ಅಂತಾನೆ. ಇಲಿಯಿಲ್ಲದ ಗಿರಣಿ ಎಲ್ಲಿದೆ? ನೀವು ತೂತು ಬಿದ್ದ ಮೂಟೇನ ನನಗೆ ಕೊಡದೆ ಪಕ್ಕಕ್ಕೆ ಇಟ್ಟಿದ್ದೂ ಕೇಳಿಸ್ತು. 'ಬೇಕರಿಯಮ್ಮನಿಗೆ ಇದು ಹೋಗಬಾರದು ಕಣೇ' ಅಂತ ನೀವೇ ಕಿರುಚಿದ್ರಿ. ಅಷ್ಟು ಕೇಳಿದ ಮೇಲೆ ನಾನ್ಯಾಕೆ ಬೇರೆ ಕಡೆ ಹೋಗ್ಲಿ?"

ಹೋದ ಜೀವ ಬಂದಂತಾಯಿತು. ಆಕೆ ಕೋವಿಯನ್ನು ಎತ್ತಿ ತೂಗಿ, ಹೊಗಳಿ, ನನ್ನ ಹೆಂಡತಿಯ ಕಡೆ ತಿರುಗಿದಳು.

"ಅತ್ತಿಗೆ, ನಮ್ಮ ಉಗ್ರಾಣಕ್ಕೂ ಒಂದು ದಿನ ಇದನ್ನ ತನ್ನಿ. ಆಮೇಲೆ, ನನ್ನ ಬ್ರೆಡ್ಡು ಬೀಸೋ ಕಲ್ಲಿಗಿಂತ ಗಟ್ಟಿ ಅಂದ್ರಲ್ಲ, ಅದಕ್ಕೆ ಸ್ವಲ್ಪ ಮೆತ್ತಗೆ ಮಾಡಿಸಿದೀನಿ. ತಿಂದು ನೋಡಿ ಹೇಳಿ. ಹೇಳೋಕೆ ಬರೋದು ಬೇಡ, ಮನೇಲಿ ಕೂತೇ ಮಾತಾಡ್ಕೊಳ್ಳಿ ಸಾಕು."

ಆಕೆ ಹೋದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಟೈಲರ್ ಹೊಲಿದ ನನ್ನ ಅಂಗಿಯ ಬಗ್ಗೆ ಏನೆಂದಿದ್ದೆವು? ಶಾಲೆಯ ಮೇಷ್ಟ್ರ ಹಾಡಿನ ಬಗ್ಗೆ? ಆ ಸಂಜೆ ಮೂಟೆ ಕೋಣೆಯಲ್ಲಿ ತುಟಿ ಪಿಟಕ್ಕೆನ್ನದೆ ಕೂತೆವು. ಅವಳು ಕೈಸನ್ನೆ ಮಾಡಿದಳು, ನಾನು ತಲೆಯಾಡಿಸಿದೆ. ಮದುವೆಯಾದಂದಿನಿಂದ ನಮ್ಮ ಮನೆ ಅಷ್ಟು ತಣ್ಣಗೆ ಇದ್ದದ್ದಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಬಾಗಿಲು ದಡದಡ ಬಡಿದ ಸದ್ದು. ತೆಗೆದರೆ ಟೈಲರ್, ಅವನ ಹೆಂಡತಿ, ಅವರ ಹಿಂದೆ ಶಾಲೆಯ ಮೇಷ್ಟ್ರು. ಟೈಲರ್ ನನ್ನ ಕಿವಿಗೇ ಬಾಯಿಟ್ಟು ಕೂಗಿದ:

"ಏನಾಯ್ತು ಗಿರಣಿಯಣ್ಣ? ಇವತ್ತು ಒಂದು ಮಾತೂ ಇಲ್ವಲ್ಲ! ಬೇಕರಿಯಮ್ಮ ಬಂದು ಹೋದ ಮೇಲೆ ಅತ್ತಿಗೆ ಏನಂದ್ರು ಅಂತ ಕೇಳೋಕೆ ಎಲ್ಲರೂ ಬೇಗ ಊಟ ಮುಗಿಸಿ ಜಗಲಿ ಮೇಲೆ ಕಾಯ್ತಾ ಕೂತಿದೀವಿ!"